ಅತಿಥಿಗಳಿಗೆ ಊರು ತೋರಿಸುವ ಬಗೆ

ವಿದ್ವಾಂಸರ ಸಮ್ಮೇಳನಗಳು ನಡೆಯುವ ಊರುಗಳಲ್ಲಿ ಒಂದು ಸಂಪ್ರದಾಯವುಂಟು. ಎರಡು ದಿನಗಳ ಪ್ರಬಂಧವಾಚನ, ಚರ್ಚೆ, ಭಾಷಣಗಳೆಲ್ಲ ಮುಗಿದ ಬಳಿಕ, ಮೂರನೆಯ ದಿನ ಪ್ರತಿನಿಧಿಗಳನ್ನು ಬಸ್ಸಿನಲ್ಲಿ ಕುಳ್ಳಿರಿಸಿ, ಪ್ರೇಕ್ಷಣೀಯ ಸ್ಥಳಗಳನ್ನು ತೋರಿಸಿ, ಸಂಜೆಯ ರೈಲಿಗೆ ಬಿಟ್ಟು ಬರುವುದು. ಕಾರ್ಯಕ್ರಮಪಟ್ಟಿಯಲ್ಲಿ ಇದಕ್ಕೆ ಕೊನೆಯ ಒಂದು ಸಾಲು ಮಾತ್ರ ಮೀಸಲು. ಬಸ್ಸಿನ ಬಾಡಿಗೆ ಎಷ್ಟು, ಊಟದ ಏರ್ಪಾಡು ಎಲ್ಲಿ ಎಂಬುದನ್ನು ವ್ಯವಸ್ಥಾಪಕರು ವಿಚಾರಿಸುವರು. ಏನನ್ನು, ಹೇಗೆ ತೋರಿಸಬೇಕೆಂಬುದನ್ನು ಯೋಚಿಸುವವರು ವಿರಳ. ಆ ಕೊನೆಯ ಸಾಲೂ ಸಮ್ಮೇಳನದ ಒಂದು ಗೋಷ್ಠಿಯೇ ಆಗಬೇಕು, ಅದನ್ನು ನಡೆಸುವ ಹೊಣೆ ಊರಿನ ವಿದ್ಯಾರ್ಥಿಗಳಿಗೆ ಸಲ್ಲಬೇಕು ಎಂಬುದು ನನ್ನ ವಾದ.

ಈ ಅಭಿಪ್ರಾಯ ನನ್ನಲ್ಲಿ ಹುಟ್ಟಿದ್ದು ಒಂದು ಮುಖಭಂಗದಿಂದ. ಕೆಲವು ವರ್ಷಗಳ ಹಿಂದೆ ವಿಜಯಪುರದಲ್ಲಿ ನಡೆದ ಒಂದು ಭೌತವಿಜ್ಞಾನ ವಿಚಾರ ಸಂಕಿರಣದ ಅತಿಥಿಗಳನ್ನು ಗೋಲಗುಮ್ಮಟಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗುಮ್ಮಟದ ಬುಡದ ಒಳಸುತ್ತಿನ ಮೊಗಸಾಲೆಯನ್ನು ಏರಿದೆವು. ಮಾರ್ಗದರ್ಶಕನು ಒಂದು ಕಡೆ ಕಾಗದ ಹರಿದಾಗ ಅದರ ಸದ್ದು ಎದುರು ಗೋಡೆಯ ಬಳಿಯಿದ್ದ ನಮ್ಮ ಕಿವಿಗೆ ಸ್ಪಷ್ಟವಾಗಿ ಬಿತ್ತು. ಬಳಿಕ ಅವನು, “ಈಗ ಚಪ್ಪಾಳಿ ಹೊಡೀತೀನಿ, ಏಳು ಸರ್ತಿ ಕೇಳಸ್ತೈತ್ರಿ, ಬೇಕಾದ್ರ ಎಣಸ್ರಿ” ಎಂದನು. ಅತಿಥಿಗಳು ಎಣಿಸಿದರು. ಒಬ್ಬರಿಗೆ ಆರು ಕೇಳಿಸಿತು, ಇನ್ನೊಬ್ಬರಿಗೆ ಒಂಬತ್ತು. ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನ ವಿದ್ಯಾರ್ಥಿಯ ಕಡೆಗೆ ತಿರುಗಿ, ಲೆಕ್ಕ ಹೀಗೇಕೆ ಬೇರೆಯಾಯಿತು, ಒಂದು ಪ್ರತಿಧ್ವನಿಗೂ ಮುಂದಿನದಕ್ಕೂ ನಡುವೆ ಎಷ್ಟು ಕಾಲ ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ನಾನು ಗುಮ್ಮಟದ ಮುಖ ನೋಡಿದೆ! ಶಬ್ದದ ಅಧ್ಯಾಯವನ್ನು ಪ್ರತಿವರ್ಷವೂ ಬೋಧಿಸುತ್ತಿದ್ದ ನನಗೆ, ನಮ್ಮೂರಿನ ಗುಮ್ಮಟದ ಒಳವ್ಯಾಸ ಎಷ್ಟೆಂಬುದೇ ತಿಳಿದಿರಲಿಲ್ಲ.

ಉತ್ತರವೇನೋ ಕಠಿಣವಲ್ಲ. ಒಳವ್ಯಾಸ ಸುಮಾರು 38 ಮೀಟರು. ಒಂದು ಗೋಡೆಯ ಬಳಿ ಹೊರಟ ಶಬ್ದ ಎದುರು ಗೋಡೆಯನ್ನು ಮುಟ್ಟಿ ಮರಳಿ ಬರಲು 76 ಮೀಟರು ಪಯಣಿಸಬೇಕು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರಾದುದರಿಂದ, ತಗಲುವ ಕಾಲ 0.22 ಸೆಕೆಂಡು. ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಗುರುತಿಸಲು ನಮ್ಮ ಕಿವಿಗೆ ಸುಮಾರು ಹತ್ತನೆಯ ಒಂದು ಸೆಕೆಂಡಿನ ಅಂತರ ಸಾಕು. ಆದ್ದರಿಂದ ಪ್ರತಿಧ್ವನಿಗಳು ಒಂದರೊಳಗೊಂದು ಬೆರೆಯದೆ ಬಿಡಿಬಿಡಿಯಾಗಿ ಕೇಳಿಸುವುವು. ಪ್ರತಿ ಸಲವೂ ಸದ್ದು ಕುಗ್ಗುತ್ತ ಹೋಗುವುದರಿಂದ, ಕೊನೆಯದು ಯಾವುದೆಂಬುದು ಕೇಳುವವನ ಕಿವಿಯನ್ನೂ ಸುತ್ತಲಿನ ಗದ್ದಲವನ್ನೂ ಅವಲಂಬಿಸಿದೆ. ಏಳೆಂಬುದು ಗುಮ್ಮಟ ಗೊತ್ತುಪಡಿಸಿದ ಸಂಖ್ಯೆಯಲ್ಲ.

ಪಿಸುಮಾತಿನ ಕಥೆ ಬೇರೆ. ಗೋಡೆಯ ಬಳಿ ಆಡಿದ ಮೆಲುದನಿ ನಡುವಿನ ಬಯಲಿನಲ್ಲಿ ಹರಡಿ ಕರಗುವ ಬದಲು, ಬಾಗಿದ ಗೋಡೆಯ ಮೇಲೆ ಮತ್ತೆ ಮತ್ತೆ ಪ್ರತಿಫಲಿಸುತ್ತ, ಅದಕ್ಕೆ ಅಂಟಿಕೊಂಡಂತೆ ಸುತ್ತಿಬರುವುದು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟವನ್ನು ಕುರಿತು ಈ ವಿವರಣೆಯನ್ನು ಕೊಟ್ಟವರು ಲಾರ್ಡ್ ರೇಲಿ. ಅದೇ ಗುಮ್ಮಟದಲ್ಲಿ ನಡೆಸಿದ ಪ್ರಯೋಗಗಳನ್ನು ಸಿ. ವಿ. ರಾಮನ್ನರು ಸದರ್‌ಲೆಂಡ್ ಎಂಬುವರೊಡನೆ 1921ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೀಗೆ ಗುಮ್ಮಟದ ಪಿಸುಮಾತು ದೊಡ್ಡ ವಿಜ್ಞಾನಿಗಳಿಗೂ ಪ್ರಶ್ನೆಯಾಗಿತ್ತು. ನಮಗೋ, ಅದು ಚಪ್ಪಾಳೆ ತಟ್ಟಿ ಮರಳುವ ವಿನೋದ ಮಾತ್ರವಾಗಿದೆ.

ಅದೇ ಊರಿನ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ಫಿರಂಗಿಯುಂಟು. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಇದರ ತೂಕ ಸುಮಾರು 55 ಟನ್ನು. ಸುಡುಬಿಸಿಲಿನಲ್ಲಿಯೂ ಇದು ತಣ್ಣಗಿರುವುದೆಂದು ಹೇಳುವರು. ನಿಜವೆ? ಇಷ್ಟೊಂದು ಲೋಹ ಕಾಯಲು ಬಹಳ ಹೊತ್ತು ಹಿಡಿಯುವುದಂತೂ ದಿಟ. ಆದರೆ ನಂಬುವುದಕ್ಕೂ ಅಲ್ಲಗಳೆಯುವುದಕ್ಕೂ ಮುನ್ನ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಉಷ್ಣಮಾಪಕದಿಂದ ನೋಡಬಾರದೇಕೆ? ಊರಿನಲ್ಲಿ ಅಲ್ಲಲ್ಲಿ ನಿಂತಿರುವ ಹಳೆಯ ನೀರಿನ ಗೋಪುರಗಳನ್ನೂ ಅತಿಥಿಗಳು ಬಸ್ಸಿನ ಕಿಟಕಿಯಿಂದ ನೋಡಿ ಸಾಗುವರು. ನೆಲದಡಿಯ ಕೊಳವೆಗಳಲ್ಲಿ ಬರುವ ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆ ಒಡೆಯದಂತೆ ಕಾಯುವುದು, ಕೆಸರನ್ನು ತಳದಲ್ಲಿ ಉಳಿಸಿಕೊಳ್ಳುವುದು ಅವುಗಳ ಕೆಲಸವಾಗಿತ್ತು. ಹತ್ತು ಮೀಟರು ಎತ್ತರದ ನೀರಿನ ಕಂಬ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಉಂಟುಮಾಡುವುದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ದಣಿದ ಅತಿಥಿಗಳಿಗೆ ವಿಶ್ರಾಂತಿ ಬೇಕು, ಅಲ್ಲಿಯೂ ಪಾಠವೇ ಎಂದು ಆಕ್ಷೇಪಿಸುವವರುಂಟು. ಈ ಮಾತಿನಲ್ಲಿ ಹುರುಳಿದೆ. ನಾನು ಉಪನ್ಯಾಸವನ್ನು ಬೇಡುತ್ತಿಲ್ಲ. ಅರ್ಧ ದಿನದಲ್ಲಿ ಆರು ಸ್ಥಳಗಳನ್ನು ಸುತ್ತಿಸುವ ಬದಲು ಎರಡನ್ನು ನಿಧಾನವಾಗಿ ತೋರಿಸಲಿ. ಗದ್ದಲವೇರುವ ಮುನ್ನ, ಮುಂಜಾನೆಯೇ ಗುಮ್ಮಟಕ್ಕೆ ಹೋಗಲಿ. ಪ್ರತಿ ಸ್ಥಳಕ್ಕೂ ಇಬ್ಬರು ವಿದ್ಯಾರ್ಥಿಗಳು ಮೊದಲೇ ಹೋಗಿ, ಅನುಮತಿ ಪಡೆದು, ಸ್ಮಾರಕಕ್ಕೆ ಕಿಂಚಿತ್ತೂ ಧಕ್ಕೆಯಾಗದಂತೆ ಅಳೆದು ಬರಲಿ. ಚಪ್ಪಾಳೆಯ ಸದ್ದನ್ನು ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಂಡರೆ ಪ್ರತಿಧ್ವನಿಗಳ ಅಂತರ ಕಣ್ಣಿಗೇ ಕಾಣುವುದು. ಮಾರ್ಗದರ್ಶಕನನ್ನೂ ದೂರವಿಡಬೇಕಾಗಿಲ್ಲ, ಗುಮ್ಮಟದಲ್ಲಿ ಎಲ್ಲಿ ನಿಂತರೆ ಚೆನ್ನಾಗಿ ಕೇಳಿಸುವುದೆಂಬುದನ್ನು ಅವನಷ್ಟು ಬಲ್ಲವರು ನಮ್ಮಲ್ಲಿಲ್ಲ.

ಇದು ಒಂದೇ ಊರಿನ ಮಾತಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ರೋಹಿತದರ್ಶಕದಿಂದ ವೀಕ್ಷಿಸಿದ್ದು ಜಮಖಂಡಿಯಲ್ಲಿ. ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಆ ಗಣಿಗಳ ಆಳದಲ್ಲಿಯೇ 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹು ದೊರೆಯಿತು. ಈ ಊರುಗಳ ಎಷ್ಟು ಮಂದಿ ವಿದ್ಯಾರ್ಥಿಗಳು ಇದನ್ನು ಹೊರಗಿನವರಿಗೆ ಹೇಳಬಲ್ಲರು?

ಅತಿಥಿಗಳು ಒಂದು ದಿನ ಇದ್ದು ಹೋಗುವರು. ಊರಿನಲ್ಲಿ ಉಳಿಯುವವರು ನಾವು. ಅವರಿಗೆ ತೋರಿಸುವ ನೆಪದಲ್ಲಿ ನಾವು ನೋಡಲು ಕಲಿತರೆ, ಬಸ್ಸಿನ ಬಾಡಿಗೆ ವ್ಯರ್ಥವಾಗಲಿಲ್ಲವೆಂದೇ ಲೆಕ್ಕ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಕಾಲೇಜಿನಲ್ಲಿ ಮುಂದಿನ ಸಮ್ಮೇಳನ ನಡೆದಾಗ, ಕಾರ್ಯಕ್ರಮಪಟ್ಟಿಯ ಕೊನೆಯ ಸಾಲನ್ನು ನಿಮಗೆ ಬಿಟ್ಟುಕೊಡುವಂತೆ ಅಧ್ಯಾಪಕರನ್ನು ಕೇಳಿರಿ. ಅಂದು ಯಾರಾದರೂ ಪ್ರಶ್ನಿಸಿದರೆ ನೀವು ಗುರುಗಳ ಮುಖ ನೋಡಬೇಕಾಗದಿರಲಿ.