ಬೆಂಕಿ ಮೊದಲು ಕಾಣುವುದು ಕೆಳಗೆ ನಿಂತವನಿಗೆ



“ವಿಮಾನಕ್ಕೆ ಬೆಂಕಿ ಬಿದ್ದರೆ ನಮಗೇನು? ನಾವು ಊರಿಗೆ ಹೋಗುವುದು ಬಸ್ಸಿನಲ್ಲಿ” ಎಂದು ಡೊಂಬಿವಲಿಯ ಗೆಳೆಯರೊಬ್ಬರು ನಕ್ಕುಬಿಟ್ಟರು. ಇದು ನಗುವ ಮಾತಲ್ಲ. 2025ರ ಡಿಸೆಂಬರ್ 25ರಿಂದ ನವಿ ಮುಂಬಯಿಯ ಹೊಸ ನಿಲ್ದಾಣದಲ್ಲಿ ವಿಮಾನಗಳು ಏರಿಳಿಯುತ್ತಿವೆ. ವಿಮಾನ ನಿಲ್ದಾಣವೆಂದರೆ ಪೈಲಟರಷ್ಟೇ ಅಲ್ಲ; ಪೆಟ್ಟಿಗೆ ಹೊರುವವರು, ಗಾಡಿ ನಡೆಸುವವರು, ಕ್ಯಾಂಟೀನಿನಲ್ಲಿ ಚಹಾ ಕೊಡುವವರೂ ಬೇಕು. ಅದು ನಮ್ಮ ಮಕ್ಕಳು ಹುಡುಕಿಕೊಂಡು ಹೋಗುವ ಕೆಲಸ.

ಎಂಜಿನ್ ಚಾಲೂ ಮಾಡುವಾಗ ಅದರ ಹಿಂಬದಿಯ ಕೊಳವೆಯಲ್ಲಿ ಕೆಲವೊಮ್ಮೆ ಬೆಂಕಿ ಏಳುತ್ತದೆ. ಪೈಲಟರ ಎದುರಿನ ಎಚ್ಚರಿಕೆಯ ದೀಪ ಆಗ ಹೊತ್ತುವುದಿಲ್ಲ. ಅದರ ತಂತಿಗಳಿರುವುದು ಎಂಜಿನ್ನಿನ ಹೊರಸುತ್ತಿನಲ್ಲಿ, ಬೆಂಕಿಯಿರುವುದು ಒಳಗೆ. ನೋಡುವವನು ಯಾರು? ಕೆಳಗೆ ಕಿವಿಗೆ ಹೆಡ್‌ಫೋನು ಹಾಕಿ ನಿಂತ ಕೂಲಿಯವನು! ಅವನು ಕೂಗಿ ಹೇಳಬೇಕು. ಇಲ್ಲವೆ ಎಡಗೈಯಿಂದ ಬೆಂಕಿಯ ಕಡೆ ತೋರಿಸಿ, ಬಲಗೈಯನ್ನು ಒಲೆಗೆ ಗಾಳಿ ಹಾಕುವಂತೆ ಭುಜದಿಂದ ಮೊಣಕಾಲಿನವರೆಗೆ ಬೀಸಬೇಕು. ಆಗ ಪೈಲಟರು ಇಂಧನ ನಿಲ್ಲಿಸಿ, ಎಂಜಿನ್ನನ್ನು ಬರಿದೇ ತಿರುಗಿಸಿ ಬೆಂಕಿಯನ್ನು ಊದಿ ಕಳೆಯುತ್ತಾರೆ. ನೂರಾರು ಜೀವ ಆ ಕೂಲಿಯವನ ಕಣ್ಣಿನಲ್ಲಿದೆ. ಅವನನ್ನು ಮೂರು ತಿಂಗಳ ಗುತ್ತಿಗೆಯ ಮೇಲೆ ತರುವುದು, ಅಭ್ಯಾಸ ಕೊಡದೆ ನಿಲ್ಲಿಸುವುದು ಎಲ್ಲಿ ನಡೆದರೂ ಅದು ಉಳಿತಾಯವಲ್ಲ, ಪಾತಕ.

2022ರ ಅಕ್ಟೋಬರ್ 28ರಂದು ದೆಹಲಿಯಿಂದ ಬೆಂಗಳೂರಿಗೆ ಹೊರಟ ಇಂಡಿಗೋ ವಿಮಾನದ ಎಂಜಿನ್ ಓಟದಲ್ಲೇ ಹೊತ್ತಿತು. ಪೈಲಟರು ಅಲ್ಲೇ ನಿಲ್ಲಿಸಿದರು, ಎಲ್ಲರೂ ಉಳಿದರು. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಏರಿದ ವಿಮಾನ ಎಂಜಿನ್ ಬೆಂಕಿಯೊಡನೆ ಹಿಂದಿರುಗಿತು. 179 ಪ್ರಯಾಣಿಕರು, 6 ಸಿಬ್ಬಂದಿ ಬದುಕಿದರು. ಆದರೆ 1985ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ನೆಲ ಬಿಡದ ವಿಮಾನದಲ್ಲೇ, 55 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ಅರ್ಧ ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯುವಂತಿರಬೇಕೆಂಬುದು ವಿಮಾನ ಕಟ್ಟುವವರ ಮೇಲಿನ ನಿಯಮ. ಆ ಹೊತ್ತಿನಲ್ಲಿ ಮೇಲಿನ ಚೀಲಕ್ಕೆ ಕೈ ಹಾಕಿದವನು ಹಿಂದಿನವನ ದಾರಿ ಕಟ್ಟುತ್ತಾನೆ. ಗಲ್ಫಿನಿಂದ ಬರುವ ನಮ್ಮವರಿಗೆ ಆ ಚೀಲದಲ್ಲಿ ಎರಡು ವರ್ಷದ ದುಡಿಮೆ ಇರುತ್ತದೆ, ಬಲ್ಲೆವು. ಆದರೂ ಬಿಟ್ಟಿಳಿಯಿರಿ.

ಇನ್ನು ನಮ್ಮ ಅಡುಗೆಮನೆಗೆ ಬನ್ನಿ. 2017ರ ಡಿಸೆಂಬರಿನಲ್ಲಿ ಸಾಕಿನಾಕಾದ ಫರಸಾಣ್ ಅಂಗಡಿಯಲ್ಲಿ ಮಲಗಿದ್ದ 12 ಕಾರ್ಮಿಕರು ಬೆಂಕಿಗೆ ಆಹುತಿಯಾದರು. 2015ರಲ್ಲಿ ಕುರ್ಲಾದ ಹೋಟೆಲೊಂದರಲ್ಲಿ ಗ್ಯಾಸಿನಿಂದ 8 ಜೀವ ಹೋಯಿತು. 2024ರ ಮೇ 23ರಂದು ಡೊಂಬಿವಲಿಯ ರಾಸಾಯನಿಕ ಕಾರಖಾನೆ ಸಿಡಿಯಿತು. ವಿಮಾನದಲ್ಲಿ ಕುಳಿತವನಿಗೆ ಬಾಗಿಲೆಲ್ಲಿದೆಯೆಂದು ಪ್ರತಿ ಸಲ ಕೈ ತೋರಿಸಿ ಹೇಳುತ್ತಾರೆ. ಒಲೆಯ ಮೇಲಿನ ಅಟ್ಟದಲ್ಲಿ ಮಲಗುವ ಮಾಣಿಗೆ ಯಾವ ಧಣಿ ಒಂದು ಸಲವಾದರೂ ಹೇಳಿದ್ದಾನೆ? ನಾನು ದುಡಿದ ಹೋಟೆಲಿನಲ್ಲಿ ರಾತ್ರಿ ಶಟರ್‌ಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಬೀಗದ ಕೈ ಧಣಿಯ ಮನೆಯಲ್ಲಿ. ಕೇಳಿದವನಿಗೆ ಸಿಕ್ಕಿದ ಉತ್ತರ: “ಕಳವಾದರೆ ನೀನು ಕೊಡುತ್ತೀಯಾ?”

ಬೀಗ ಒಳಗಿನಿಂದ ಇರಬೇಕು, ಬೀಗದ ಕೈ ಮಲಗುವವನ ಬಳಿ ಇರಬೇಕು. ಸಿಲಿಂಡರುಗಳನ್ನು ಮಲಗುವ ಜಾಗದಿಂದ, ಮೆಟ್ಟಿಲಿನಿಂದ ದೂರ ಇಡಬೇಕು. ಗುತ್ತಿಗೆಯವನಿಗೂ ಕಾಯಂನವನಿಗೂ ಬೆಂಕಿಯ ಅಭ್ಯಾಸ ಒಂದೇ ಆಗಿರಬೇಕು, ಅದಕ್ಕೆ ಹಾಜರಿ ಕತ್ತರಿಸಬಾರದು. ಇಂದು ರಾತ್ರಿ ಮಲಗುವ ಮೊದಲು ನಿಮ್ಮ ಶಟರ್ ಎತ್ತಿ ನೋಡಿ. ಏಳದಿದ್ದರೆ ನಾಳೆ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಧಣಿಯನ್ನು ಕೇಳಿ. ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಕೂಡಿ.