ಮತ ಬೇರೆ, ಮೆಚ್ಚುಗೆ ಬೇರೆ

ಮೆಚ್ಚಿದ ಉಮೇದುವಾರ ಗೆಲ್ಲಲಾರ, ಗೆಲ್ಲಬಲ್ಲವನನ್ನು ಮೆಚ್ಚಲಾಗದು. ಗೆದ್ದರೆ ಅನಾಹುತವಾದೀತೆಂಬ ಮೂರನೆಯವನೊಬ್ಬ ಹೊಸ್ತಿಲಲ್ಲಿ ನಿಂತಿದ್ದಾನೆ. ಇಂಥ ಇಕ್ಕಟ್ಟಿನಲ್ಲಿ ಎಡಪಂಥದ ಮತದಾರನು ಏನು ಮಾಡಬೇಕು? ತನ್ನ ತತ್ತ್ವಕ್ಕೆ ಒಪ್ಪುವವನಿಗೇ ಮತವಿತ್ತು ಸೋಲನ್ನು ಒಪ್ಪಿಕೊಳ್ಳಬೇಕೆ, ಅಥವಾ ಮನಸ್ಸನ್ನು ಬಿಗಿಹಿಡಿದು ಮಧ್ಯಮಮಾರ್ಗದವನನ್ನು ಗೆಲ್ಲಿಸಬೇಕೆ? ಪ್ರಜಾಪ್ರಭುತ್ವವಿರುವ ಬಹುತೇಕ ದೇಶಗಳಲ್ಲಿ ಒಂದಲ್ಲ ಒಂದು ಕಾಲಕ್ಕೆ ಎದ್ದಿರುವ ಪ್ರಶ್ನೆ ಇದು.

ಇದಕ್ಕೆ ಸಿದ್ಧವಾದ ಉತ್ತರಗಳು ಎರಡಿವೆ. ಸಣ್ಣ ಕೇಡನ್ನು ಸಹಿಸಿ ದೊಡ್ಡ ಕೇಡನ್ನು ತಡೆಯಬೇಕೆಂಬುದು ಒಂದು. ಸಣ್ಣ ಕೇಡಿಗೆ ಇಂದು ತಲೆಬಾಗಿದವನು ನಾಳೆ ದೊಡ್ಡ ಕೇಡಿಗೆ ತಾನೇ ಬಾಗಿಲು ತೆರೆದಂತಾಗುವುದೆಂಬುದು ಇನ್ನೊಂದು. ಎರಡನ್ನೂ ಒಂದೇ ದೇಶದ ಜನ ಏಳು ವರ್ಷಗಳ ಅಂತರದಲ್ಲಿ ಪರೀಕ್ಷಿಸಿ ನೋಡಿದರು. ಆ ದೇಶ ಜರ್ಮನಿ. ಪರೀಕ್ಷೆಗೆ ತೆತ್ತ ಬೆಲೆ ಲೋಕಕ್ಕೆಲ್ಲ ತಿಳಿದಿದೆ.

1925ರ ಫೆಬ್ರವರಿಯಲ್ಲಿ ಜರ್ಮನಿಯ ಅಧ್ಯಕ್ಷ ಫ್ರೀಡ್ರಿಷ್ ಎಬರ್ಟ್ ತೀರಿಕೊಂಡರು. ಮೊದಲ ಮಹಾಯುದ್ಧದ ಸೋಲಿನಲ್ಲಿ ಹುಟ್ಟಿದ ಗಣರಾಜ್ಯಕ್ಕೆ ಆಗ ಆರು ವರ್ಷವಷ್ಟೇ ತುಂಬಿತ್ತು. ಮಾರ್ಚ್ ತಿಂಗಳ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಏಪ್ರಿಲ್ 26ಕ್ಕೆ ಎರಡನೆಯ ಸುತ್ತು ಗೊತ್ತಾಯಿತು. ಈ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಪಡೆದರೆ ಸಾಕು.

ಸೋಷಿಯಲ್ ಡೆಮಾಕ್ರಟ್ ಪಕ್ಷದ ಆಟೊ ಬ್ರೌನ್ ಮೊದಲ ಸುತ್ತಿನಲ್ಲಿ ಶೇಕಡಾ 29ರಷ್ಟು ಮತ ಗಳಿಸಿದ್ದರು. ಕ್ಯಾಥೊಲಿಕ್ ಜನರ ಸೆಂಟರ್ ಪಕ್ಷದ ವಿಲ್ಹೆಲ್ಮ್ ಮಾರ್ಕ್ಸ್ ಅವರಿಗೆ ಬಂದಿದ್ದುದು ಅದರ ಅರ್ಧ. ಆದರೂ ಬ್ರೌನ್ ಹಿಂದೆ ಸರಿದರು. ಪಕ್ಷವು ತನ್ನ ಕಾರ್ಮಿಕ ಬೆಂಬಲಿಗರನ್ನು ಮಾರ್ಕ್ಸ್ ಅವರಿಗೇ ಮತ ಕೊಡಿರೆಂದು ಕೇಳಿಕೊಂಡಿತು. ಬಲಪಂಥದವರು ತಮ್ಮ ಹಳೆಯ ಉಮೇದುವಾರನನ್ನು ಕೈಬಿಟ್ಟು, 77 ವರ್ಷದ ಫೀಲ್ಡ್ ಮಾರ್ಷಲ್ ಹಿಂಡೆನ್‌ಬರ್ಗರನ್ನು ಕಣಕ್ಕಿಳಿಸಿದರು. ಅರಸೊತ್ತಿಗೆಯ ಮೇಲಿನ ಪ್ರೀತಿಯನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಕಮ್ಯುನಿಸ್ಟರು ಮಾತ್ರ ಅರ್ನ್‌ಸ್ಟ್ ಥಾಲ್ಮನ್ ಅವರನ್ನು ಕಣದಿಂದ ಹಿಂತೆಗೆಯಲಿಲ್ಲ.

ಫಲಿತಾಂಶ ಹೀಗಿತ್ತು: ಹಿಂಡೆನ್‌ಬರ್ಗ್ ಸುಮಾರು 1 ಕೋಟಿ 46 ಲಕ್ಷ, ಮಾರ್ಕ್ಸ್ 1 ಕೋಟಿ 37 ಲಕ್ಷ, ಥಾಲ್ಮನ್ 19 ಲಕ್ಷ. ಸೋಲುಗೆಲುವಿನ ಅಂತರ ಒಂಬತ್ತು ಲಕ್ಷ. ಕಮ್ಯುನಿಸ್ಟರ ಕೈಯಲ್ಲಿದ್ದುದು ಅದರ ಎರಡರಷ್ಟು. ಹೆಸರಿನಲ್ಲೇ ಮಾರ್ಕ್ಸ್ ಇದ್ದವರಿಗೆ ಮಾರ್ಕ್ಸನ ಅನುಯಾಯಿಗಳ ಮತ ಸಿಗಲಿಲ್ಲವೆಂಬುದು ಇತಿಹಾಸದ ಒಂದು ಕ್ರೂರ ವಿನೋದ.

ಆದರೆ ತಪ್ಪನ್ನೆಲ್ಲ ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಬವೇರಿಯದ ಕ್ಯಾಥೊಲಿಕ್ ಪಕ್ಷವು ತನ್ನ ಮತದವರೇ ಆದ ಮಾರ್ಕ್ಸ್ ಅವರನ್ನು ಬಿಟ್ಟು ಪ್ರಾಟೆಸ್ಟೆಂಟರಾದ ಹಿಂಡೆನ್‌ಬರ್ಗರನ್ನು ಬೆಂಬಲಿಸಿತು; ಸಮಾಜವಾದಿಗಳ ಸಹವಾಸ ಅದಕ್ಕೆ ಹಿಡಿಸಿರಲಿಲ್ಲ. ಇನ್ನು ಕಮ್ಯುನಿಸ್ಟರ ಹಗೆಗೂ ಕಾರಣವಿತ್ತು. 1919ರ ಜನವರಿಯಲ್ಲಿ, ಸೋಷಿಯಲ್ ಡೆಮಾಕ್ರಟರು ಅಧಿಕಾರದಲ್ಲಿದ್ದಾಗಲೇ, ದಂಗೆಯನ್ನು ಅಡಗಿಸಲು ಬಂದ ಸೈನಿಕರು ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟರನ್ನು ಕೊಂದಿದ್ದರು. ಆ ರಕ್ತದ ಕಲೆ ಆರು ವರ್ಷಕ್ಕೆ ಒಣಗುವಂಥದಲ್ಲ. ಹಗೆ ಸಕಾರಣವಾದದ್ದೇ, ಆದರೆ ಆ ಹಗೆಯ ಲಾಭವನ್ನು ಉಂಡವರು ಬೇರೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

*

ಏಳು ವರ್ಷಗಳು ಕಳೆದವು. 1932ರಲ್ಲಿ ಹಿಂಡೆನ್‌ಬರ್ಗರ ಅವಧಿ ಮುಗಿದಾಗ ಅವರಿಗೆ 84 ವರ್ಷ. ದೇಶದಲ್ಲಿ ನಿರುದ್ಯೋಗಿಗಳು ಸುಮಾರು 60 ಲಕ್ಷ. ಎದುರಾಳಿಯಾಗಿ ನಿಂತವನು ಅಡಾಲ್ಫ್ ಹಿಟ್ಲರ್.

ಈ ಸಲ ಸೋಷಿಯಲ್ ಡೆಮಾಕ್ರಟರು ಉಮೇದುವಾರನನ್ನೇ ನಿಲ್ಲಿಸಲಿಲ್ಲ. ಹಿಟ್ಲರನನ್ನು ಸೋಲಿಸಬೇಕಾದರೆ ಹಿಂಡೆನ್‌ಬರ್ಗರಿಗೆ ಮತ ಕೊಡಿ ಎಂದು ಸಾರಿದರು. 1925ರಲ್ಲಿ ಯಾರನ್ನು ತಡೆಯಲು ಹೆಣಗಿದ್ದರೋ ಅವರನ್ನೇ ಈಗ ಹೆಗಲ ಮೇಲೆ ಹೊರಬೇಕಾಯಿತು. ಹಿಂಡೆನ್‌ಬರ್ಗರಿಗೆ ಕೊಟ್ಟ ಮತ ಹಿಟ್ಲರನಿಗೇ ಕೊಟ್ಟ ಮತವೆಂದು ಕಮ್ಯುನಿಸ್ಟರು ಎಚ್ಚರಿಸಿ, ಮತ್ತೆ ಥಾಲ್ಮನ್ ಅವರನ್ನೇ ನಿಲ್ಲಿಸಿದರು. ಏಪ್ರಿಲ್ 10ರ ಎರಡನೆಯ ಸುತ್ತಿನಲ್ಲಿ ಹಿಂಡೆನ್‌ಬರ್ಗ್ ಶೇಕಡಾ 53 ಮತ ಪಡೆದು ಗೆದ್ದರು. ಹಿಟ್ಲರನಿಗೆ ಶೇಕಡಾ 36.8 ಬಂತು. ಲಕ್ಷಾಂತರ ಕಾರ್ಮಿಕರು ಹಲ್ಲು ಕಚ್ಚಿಕೊಂಡು ಹಾಕಿದ ಮತದಿಂದಲೇ ಆ ಮುದುಕ ಸೇನಾನಿ ಅಧ್ಯಕ್ಷ ಪದವಿಯಲ್ಲಿ ಉಳಿದರು.

ಕೃತಜ್ಞತೆ ಬಹುಕಾಲ ಬಾಳಲಿಲ್ಲ. ಜುಲೈ 20ರಂದು ಅಧ್ಯಕ್ಷರ ತುರ್ತು ಆಜ್ಞೆಯಿಂದ ಪ್ರಷ್ಯದಲ್ಲಿ ಬ್ರೌನ್ ಅವರ ಸರ್ಕಾರವೇ ಪದಚ್ಯುತವಾಯಿತು. 1933ರ ಜನವರಿ 30ರಂದು ಅದೇ ಹಿಂಡೆನ್‌ಬರ್ಗ್ ಹಿಟ್ಲರನನ್ನು ಕರೆದು ಚಾನ್ಸೆಲರ್ ಪದವಿಯಲ್ಲಿ ಕೂರಿಸಿದರು.

ಹಾಗಾದರೆ ಕಮ್ಯುನಿಸ್ಟರ ಎಚ್ಚರಿಕೆಯೇ ನಿಜವಾಯಿತಲ್ಲವೆ? ಮೇಲುನೋಟಕ್ಕೆ ಹೌದು. ಆದರೆ 1932ರ ಏಪ್ರಿಲ್‌ನಲ್ಲಿ ಹಿಟ್ಲರನೇ ಗೆದ್ದಿದ್ದರೆ ಕೇಡು ಒಂಬತ್ತು ತಿಂಗಳು ಮೊದಲೇ, ಜನರ ಬಹುಮತದ ಮುದ್ರೆಯೊಡನೆ ಬರುತ್ತಿತ್ತು. ಆ ಮತವು ಒಂಬತ್ತು ತಿಂಗಳ ಕಾಲಾವಕಾಶವನ್ನು ಸಂಪಾದಿಸಿಕೊಟ್ಟಿತು. ಅದನ್ನು ಬಳಸಿಕೊಳ್ಳದೆ ಹೋದದ್ದು ಬೇರೆಯೇ ತಪ್ಪು.

ಅವಕಾಶ ಇರಲಿಲ್ಲವೆಂದಲ್ಲ. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ನಾಜಿಗಳ ಸ್ಥಾನಗಳು 230ರಿಂದ 196ಕ್ಕೆ ಇಳಿದವು. ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100. ಎರಡೂ ಸೇರಿದರೆ 221. ಆದರೆ ಸೇರಿಸುವವರು ಯಾರು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಪಕ್ಷ ಇನ್ನೊಂದನ್ನು ಫ್ಯಾಸಿಸ್ಟರ ಸೋದರನೆಂದು ಜರೆಯಿತು. ಆ ಇನ್ನೊಂದು, ಬ್ರೌನ್ ಸರ್ಕಾರವನ್ನು ಕಿತ್ತೆಸೆದಾಗ ಮುಷ್ಕರಕ್ಕೆ ಕರೆ ಕೊಡದೆ ನ್ಯಾಯಾಲಯದ ಮೆಟ್ಟಿಲೇರಿತು. ಮತ ಕೊಟ್ಟವರು ಮತದೊಡನೆ ಮೈಯೆಚ್ಚರವನ್ನೂ ಒಪ್ಪಿಸಿಬಿಟ್ಟಿದ್ದರು. ಎಚ್ಚರಿಕೆ ಕೊಟ್ಟ ಥಾಲ್ಮನ್ 1933ರ ಮಾರ್ಚ್‌ನಲ್ಲಿ ಸೆರೆಯಾಗಿ, 1944ರಲ್ಲಿ ಬುಕೆನ್‌ವಾಲ್ಡ್ ಶಿಬಿರದಲ್ಲಿ ಹತರಾದರು. ತಾವು ಸರಿ ಎಂದು ಸಾಧಿಸಿದ್ದು ಅವರನ್ನು ಉಳಿಸಲಿಲ್ಲ.

*

ಜರ್ಮನಿಯ ಈ ಪಾಠ ನೆರೆಯ ಫ್ರಾನ್ಸಿನಲ್ಲಿ ಎಪ್ಪತ್ತು ವರ್ಷಗಳ ಅನಂತರ ಮತ್ತೆ ಪಠನಕ್ಕೆ ಬಂತು. ಅಲ್ಲಿಯೂ ಅಧ್ಯಕ್ಷರ ಚುನಾವಣೆಗೆ ಎರಡು ಸುತ್ತು. ಮೊದಲ ಇಬ್ಬರಿಗೆ ಮಾತ್ರ ಎರಡನೆಯದರಲ್ಲಿ ಪ್ರವೇಶ. ಮೊದಲ ಸುತ್ತಿನಲ್ಲಿ ಹೃದಯ ಹೇಳಿದವರಿಗೆ, ಎರಡನೆಯದರಲ್ಲಿ ಬುದ್ಧಿ ಹೇಳಿದವರಿಗೆ ಮತ ಕೊಡಬಹುದಲ್ಲವೆ ಎಂದು ಜನರ ಸಮಾಧಾನ.

2002ರ ಏಪ್ರಿಲ್ 21ರಂದು ಈ ಸಮಾಧಾನ ಮುರಿದುಬಿತ್ತು. ಕಣದಲ್ಲಿದ್ದವರು ಹದಿನಾರು ಮಂದಿ. ಐದು ವರ್ಷ ಪ್ರಧಾನಿಯಾಗಿದ್ದ ಸಮಾಜವಾದಿ ಲಿಯೊನೆಲ್ ಜೋಸ್ಪಾ ಎರಡನೆಯ ಸುತ್ತಿಗೆ ಬಂದೇ ಬರುವರೆಂದು ಎಲ್ಲರೂ ನಂಬಿದ್ದರು. ಅವರು ತಮ್ಮ ಕಾರ್ಯಕ್ರಮ ಸಮಾಜವಾದಿ ಕಾರ್ಯಕ್ರಮವಲ್ಲವೆಂದು ತಾವೇ ಹೇಳಿ ಎಡದವರ ಮನಸ್ಸನ್ನು ತಣ್ಣಗಾಗಿಸಿದ್ದರು. ಎಡಪಂಥದ ಮತಗಳು ಏಳೆಂಟು ಪಾಲಾದವು. ಉಗ್ರ ಬಲಪಂಥದ ಜಾನ್ ಮಾರೀ ಲೆ ಪೆನ್ ಸುಮಾರು 1 ಲಕ್ಷ 95 ಸಾವಿರ ಮತಗಳಿಂದ ಜೋಸ್ಪಾ ಅವರನ್ನು ಹಿಂದಿಕ್ಕಿದರು. ಎಡದವರೇ ಆದ ಕ್ರಿಸ್ತಿಯಾನ್ ತೋಬಿರಾ ಒಬ್ಬರೇ ಅದರ ಮೂರು ಪಾಲಿಗೂ ಹೆಚ್ಚು ಮತ ಪಡೆದಿದ್ದರು.

ಇನ್ನುಳಿದ ಆಯ್ಕೆ ಲೆ ಪೆನ್ ಅಥವಾ ಬಲಪಂಥದ ಜಾಕ್ ಷಿರಾಕ್. ಮೇ 1ರಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರು. ಷಿರಾಕರ ಮೇಲೆ ಭ್ರಷ್ಟಾಚಾರದ ಆರೋಪಗಳಿದ್ದರೂ, ಫ್ಯಾಸಿಸ್ಟನಿಗಿಂತ ಮೋಸಗಾರನೇ ಮೇಲೆಂಬ ಘೋಷಣೆ ಅಂದು ಎಡದವರ ಬಾಯಲ್ಲಿತ್ತು. ಮೇ 5ರಂದು ಷಿರಾಕ್ ಶೇಕಡಾ 82ರಷ್ಟು ಮತ ಪಡೆದರು.

ಇಷ್ಟು ದೊಡ್ಡ ಸಾಲ ಪಡೆದವರು ತೀರಿಸಿದ್ದೇನು? ಅವರು ರಚಿಸಿದ್ದು ಅಪ್ಪಟ ಬಲಪಂಥೀಯ ಸರ್ಕಾರ. ಎಡದವರ ಬೆಂಬಲವೂ ಸೇರಿ ಬಂದ ಗೆಲುವನ್ನು ತಮ್ಮ ಒಬ್ಬರ ಗೆಲುವೆಂಬಂತೆ ಬಳಸಿಕೊಂಡರು. 2017ರಲ್ಲಿ ಮತ್ತೆ ಅದೇ ಕಥೆ. ಈಗ ಕಣದಲ್ಲಿದ್ದವರು ಲೆ ಪೆನ್ನರ ಮಗಳು ಮರೀನ್, ಎದುರಿಗೆ ಮಧ್ಯಮಮಾರ್ಗದ ಮಾಕ್ರೋನ್. 2022ರಲ್ಲಿಯೂ ಅವರಿಬ್ಬರೇ. ಮೂರು ಸಲವೂ ಉಗ್ರ ಬಲಪಂಥ ಸೋತಿತು. ಆದರೆ ತಂದೆಗೆ ಬಂದಿದ್ದ ಶೇಕಡಾ 18, ಮಗಳಿಗೆ ಮೊದಲು 34 ಆಗಿ, ಆಮೇಲೆ 41ಕ್ಕೆ ಏರಿತು. 2024ರ ಜುಲೈನಲ್ಲಿ ಶಾಸನಸಭೆಯ ಚುನಾವಣೆಗೆ ಎಡದವರೂ ಮಾಕ್ರೋನ್ ಪಕ್ಷದವರೂ ಸೇರಿ ಇನ್ನೂರಕ್ಕೂ ಹೆಚ್ಚು ಉಮೇದುವಾರರನ್ನು ಹಿಂತೆಗೆದು ಆ ಪಕ್ಷವನ್ನು ಮೂರನೆಯ ಸ್ಥಾನಕ್ಕೆ ತಳ್ಳಿದರು. ಎಡಕೂಟವೇ ಎಲ್ಲಕ್ಕಿಂತ ದೊಡ್ಡದಾಯಿತು. ಆದರೂ ಸೆಪ್ಟೆಂಬರಿನಲ್ಲಿ ಪ್ರಧಾನಿ ಪದವಿ ಸಂದದ್ದು ಐವತ್ತು ಸ್ಥಾನವೂ ಇಲ್ಲದ ಬಲಪಂಥೀಯ ಪಕ್ಷವೊಂದರ ಮಿಷೆಲ್ ಬಾರ್ನಿಯೇ ಅವರಿಗೆ. ಆ ಸರ್ಕಾರ ಡಿಸೆಂಬರಿನಲ್ಲೇ ಉರುಳಿತು.

ಸಾಲ ಕೊಟ್ಟವನನ್ನು ಹೀಗೆ ಮೇಲಿಂದ ಮೇಲೆ ಬರಿಗೈಯಲ್ಲಿ ಕಳುಹಿಸಿದರೆ ಒಂದು ದಿನ ಅವನು ಮನೆಯಲ್ಲೇ ಕುಳಿತುಬಿಡುತ್ತಾನೆ. ಎರಡು ಕಡೆಯೂ ಬೇಡವೆಂದು 2017ರ ಎರಡನೆಯ ಸುತ್ತಿನಲ್ಲಿ ಖಾಲಿ ಚೀಟಿ ಹಾಕಿದವರೂ ಮತವನ್ನು ಅಸಿಂಧುಗೊಳಿಸಿದವರೂ ಸೇರಿ 40 ಲಕ್ಷ ಮೀರಿದ್ದರು.

*

ಈ ವೃತ್ತಾಂತಗಳು ಮತದಾರನಿಗೂ ನಾಯಕನಿಗೂ ಪ್ರತ್ಯೇಕವಾಗಿ ಬುದ್ಧಿ ಹೇಳುತ್ತವೆ. ಮತದಾರನಿಗೆ ಹೇಳುವುದಿಷ್ಟು: ಅಪಾಯ ನಿಜವಾಗಿದ್ದರೆ ಮಧ್ಯಮಮಾರ್ಗದವನಿಗೆ ಮತ ಕೊಡುವುದೇ ವಿವೇಕ. ಪ್ರತಿ ಎದುರಾಳಿಯೂ ಹಿಟ್ಲರನಲ್ಲ. ತೋಳ ಬಂತು ತೋಳ ಎಂದು ದಿನವೂ ಕೂಗಿದರೆ ತೋಳ ಬಂದ ದಿನ ಯಾರೂ ಏಳುವುದಿಲ್ಲ. ಆದರೆ ತೋಳ ನಿಜವಾಗಿ ಬಂದಾಗ ಕಾವಲುಗಾರನ ಕುಲಗೋತ್ರ ವಿಚಾರಿಸುತ್ತ ಕೂರಲಾಗದು. ಮತವೆಂಬುದು ಮೆಚ್ಚುಗೆಯ ಪತ್ರವಲ್ಲ, ಪ್ರೀತಿಯ ಕಾಣಿಕೆಯೂ ಅಲ್ಲ. ಅಂದಿನ ಮಟ್ಟಿಗೆ ಆಗಬೇಕಾದ ಕೆಲಸಕ್ಕೆ ಹಿಡಿದ ಒಂದು ಸಾಧನ. ಕೊಟ್ಟ ಮರುದಿನವೇ ಕೊಟ್ಟವನ ಕಣ್ಗಾವಲು, ಸಂಘಟನೆ, ಪ್ರಶ್ನೆ ಕೇಳುವ ಹಕ್ಕು ಎಲ್ಲವೂ ಮೊದಲಿನಂತೆಯೇ ಇರಬೇಕು. ಜರ್ಮನಿಯಲ್ಲಿ ಸತ್ತದ್ದು ಇದು.

ನಾಯಕನಿಗೆ ಹೇಳುವುದು ಇನ್ನೂ ಸರಳ. ಭಯದಿಂದ ಬಂದ ಮತ ಎರವಲು ಒಡವೆ. ಹಬ್ಬ ಮುಗಿದ ಮೇಲೆ ಅದನ್ನು ತನ್ನದೆಂದು ಮೆರೆಯುವವನಿಗೆ ಮುಂದಿನ ಹಬ್ಬಕ್ಕೆ ನೆರೆಮನೆಯ ಬಾಗಿಲು ತೆರೆಯುವುದಿಲ್ಲ. ಅಂದು ಬರಿಗೊರಳಲ್ಲಿ ನಿಲ್ಲುವವನು ಅವನೊಬ್ಬನೇ ಅಲ್ಲ, ಊರಿಗೆ ಊರೇ.