ಕಳ್ಳ ರಿಮ್ಮಿನೊಳಗೇ ಇದ್ದಾನೆ

ಸೈಕಲ್ ಪಂಚರಾದರೆ ನಾವು ಮೊದಲು ಬೈಯುವುದು ರಸ್ತೆಯನ್ನು. ಪುಣೆಯ ರಸ್ತೆಗಳು ಬೈಸಿಕೊಳ್ಳಲು ಲಾಯಕ್ಕೇ, ಅನುಮಾನವಿಲ್ಲ. ಆದರೆ ಅದೇ ಚಕ್ರ ವಾರವಾರವೂ ಗಾಳಿ ಬಿಡುತ್ತಿದ್ದರೆ ಟ್ಯೂಬ್ ಬಿಚ್ಚಿ ತೂತು ಯಾವ ಕಡೆಗಿದೆ ನೋಡಿ. ಟಯರಿನ ಕಡೆಗಿದ್ದರೆ ಮೊಳೆಯದೋ ಗಾಜಿನದೋ ಕೆಲಸ. ಒಳಮಗ್ಗುಲಲ್ಲಿ, ಅಂದರೆ ರಿಮ್ಮಿನ ಕಡೆಗಿದ್ದರೆ, ಕಳ್ಳ ಮನೆಯೊಳಗೇ ಇದ್ದಾನೆ.

ನಮ್ಮ ಸೊಸೈಟಿಯಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬನಿದ್ದಾನೆ, ಆಫೀಸಿಗೆ ಸೈಕಲ್ಲಿನಲ್ಲೇ ಹೋಗುವವ. ಒಂದೇ ತಿಂಗಳಲ್ಲಿ ಹಿಂದಿನ ಚಕ್ರಕ್ಕೆ ಮೂರು ಟ್ಯೂಬ್ ಹಾಕಿಸಿ, "ಸಾಕಾತ್ರಿ ಸರ, ಮಾರಿಬಿಡ್ತೀನಿ" ಅಂದ. ಬಿಸಾಡದೆ ಇಟ್ಟಿದ್ದ ಟ್ಯೂಬುಗಳನ್ನು ತರಿಸಿ ನೋಡಿದೆ. ಮೂರರಲ್ಲೂ ತೂತು ಒಳಮಗ್ಗುಲಲ್ಲೇ. ರಿಮ್ಮಿನೊಳಗಿನ ರಬ್ಬರ್ ಪಟ್ಟಿ ಸರಿದು, ಕಡ್ಡಿಯ ತೂತುಗಳು ಬಾಯಿ ತೆರೆದುಕೊಂಡಿದ್ದವು.

ಆ ಪಟ್ಟಿಯೇ ರಿಮ್ ಟೇಪ್. ಈಗಿನ ಡಬಲ್ ವಾಲ್ ರಿಮ್ಮುಗಳ ಒಳಗೋಡೆಯಲ್ಲಿ ಕಡ್ಡಿ ಬಿಗಿಯಲೆಂದು ಕೊರೆದ ದೊಡ್ಡ ತೂತುಗಳಿರುತ್ತವೆ. 80-100 ಪಿಎಸ್‌ಐ ಗಾಳಿ ತುಂಬಿದಾಗ ಟ್ಯೂಬ್ ಆ ತೂತಿನೊಳಕ್ಕೆ ಉಬ್ಬಿ, ಅಂಚು ತಾಗಿ ಸೀಳುತ್ತದೆ. ರಬ್ಬರ್ ಪಟ್ಟಿ ಹಿಗ್ಗುವಂಥದ್ದು. ಟ್ಯೂಬಿನ ಜೊತೆ ಅದೂ ತೂತಿಗಿಳಿಯುತ್ತದೆ. ಒಂಟಿ ಗೋಡೆಯ ರಿಮ್, 40-50 ಪಿಎಸ್‌ಐ ಗಾಳಿ ಎಂದಾದರೆ ಅದು ಸಾಕು. ಹೆಚ್ಚಿನ ಒತ್ತಡಕ್ಕೆ ಹಿಗ್ಗದ ಹತ್ತಿಬಟ್ಟೆಯ ಅಂಟು ಟೇಪ್ ಅಥವಾ ಗಟ್ಟಿ ನೈಲಾನ್ ಪಟ್ಟಿಯೇ ಬೇಕು. ಹುಡುಗನ ಸೈಕಲ್ಲಿಗೆ ಬಟ್ಟೆಯದನ್ನು ಹಾಕಿದೆವು. ಮಳೆಗಾಲ ಕಳೆದರೂ ಒಳಗಿನ ಪಂಚರ್ ಆಗಿಲ್ಲ.

ಕರೆಂಟ್ ವೈರಿಗೆ ಸುತ್ತುವ ಟೇಪ್ ಮಾತ್ರ ಬೇಡ. ಅದು ಹಿಗ್ಗುತ್ತದೆ, ಬಿಸಿಗೆ ಅಂಟು ಜಾರುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ, ರಬ್ಬರು ಗುಂಡಿಗಳು ಉಜ್ಜಿ ರಿಮ್ ಚೆನ್ನಾಗಿ ಕಾಯುತ್ತದೆ.

ಇನ್ನು ಅಗಲ. ರಿಮ್ಮಿನ ಮೇಲೆ 622×17 ಎಂದಿದ್ದರೆ 17 ಅದರ ಒಳ ಅಗಲ, ಮಿಲಿಮೀಟರಿನಲ್ಲಿ. ಅದಕ್ಕೆ 16 ಮಿ.ಮೀ. ಟೇಪ್ ಹೊಂದುತ್ತದೆ. ತೀರಾ ಕಿರಿದಾದರೆ ಸರಿದು ತೂತು ಕಾಣುತ್ತದೆ. ತೀರಾ ಅಗಲವಾದರೆ ಅಂಚು ಮೇಲೆದ್ದು ಟಯರ್ ಸರಿಯಾಗಿ ಕೂರುವುದಿಲ್ಲ. ಇಳಿಜಾರಿನಲ್ಲಿ ಟಯರ್ ರಿಮ್ ಬಿಟ್ಟು ಹಾರಿದರೆ ಅದು ಬರೀ ಪಂಚರಿನ ಮಾತಾಗಿ ಉಳಿಯುವುದಿಲ್ಲ. ಟ್ಯೂಬ್‌ಲೆಸ್ಸಿನ ಲೆಕ್ಕವೇ ಬೇರೆ. ಅಲ್ಲಿ ಗಾಳಿ ತಡೆಯಬೇಕಾದದ್ದೂ ಟೇಪೇ. ಅದಕ್ಕೆಂದೇ ಮಾಡಿದ ಟೇಪನ್ನು ಒಳ ಅಗಲಕ್ಕಿಂತ 2-3 ಮಿ.ಮೀ. ಹೆಚ್ಚಿರುವಂತೆ ತನ್ನಿ.

ಹಾಕುವ ಮೊದಲು ಹಳೆಯ ಅಂಟು ತೆಗೆದು ರಿಮ್ ಒಣಗಿಸಿ. ಬಟ್ಟೆಯ ಟೇಪನ್ನು ವಾಲ್ವಿನ ತೂತಿನಿಂದ ಶುರುಮಾಡಿ, ಬಿಗಿಯಾಗಿ ಎಳೆಯುತ್ತಾ ಸುತ್ತಿ ಅಲ್ಲಿಗೇ ಮುಗಿಸಿ. ಬೆರಳಿನಿಂದ ಒತ್ತುತ್ತಾ ಒಂದು ಸುತ್ತು ಬನ್ನಿ. ಒಂದು ತೂತೂ ಇಣುಕಬಾರದು.

ಹತ್ತು ನಿಮಿಷದ ಕೆಲಸ. ಅಂಗಡಿಯಲ್ಲಿ ಮಾಡಿಸುವುದಾದರೆ, ಹೊಸ ಟ್ಯೂಬ್ ಹಾಕುವ ಮುನ್ನ ಒಂದು ಮಾತು ಹೇಳಿ: "ದಾದಾ, ಆಧೀ ಆತಲೀ ಪಟ್ಟೀ ಬಘಾ." ಒಳಗಿನ ಪಟ್ಟಿ ಮೊದಲು ನೋಡಿ, ಅಷ್ಟೇ.